ಓದಿ ಬಂದ ವಿಶೇಷ ಶಿಕ್ಷಕಿಗೆ ಹುದ್ದೆ ಎಲ್ಲಿದೆ?

ಸರ್ಕಾರಿ ಶಾಲೆಯ ಶಿಕ್ಷಕಿಯೊಬ್ಬಳು ವಿಶೇಷ ಬಿ.ಇಡಿ ಮಾಡುತ್ತೇನೆಂದು ಹೊರಟರೆ ಮೊದಲು ಹಾಕಬೇಕಾದ್ದು ಮನೆಯ ಲೆಕ್ಕ. ಕೋರ್ಸು ಎರಡು ವರ್ಷದ್ದು, ಕಾಲೇಜು ಇರುವುದು ದೂರದ ಊರಿನಲ್ಲಿ. ನನಗೆ ಸಿಕ್ಕಿದ್ದು ವೇತನರಹಿತ ರಜೆ. ಶುಲ್ಕ, ಹಾಸ್ಟೆಲ್ಲು, ಊರಲ್ಲಿ ಬಿಟ್ಟುಹೋದ ಮಕ್ಕಳ ಖರ್ಚು ಎಲ್ಲವೂ ಯಜಮಾನರ ಸಂಬಳದ ಮೇಲೆ ಬಿತ್ತು. ಅದೂ ಸಾಲದೆ ಸೊಸೈಟಿಯಲ್ಲಿ ಸಾಲ ಮಾಡಿದೆವು. ಓದು ಮುಗಿಸಿ, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿಕೊಂಡು ಹಾವೇರಿ ಜಿಲ್ಲೆಯ ನನ್ನ ತಾಲ್ಲೂಕಿಗೆ ಮರಳಿದಾಗ ಸೇವಾ ಪುಸ್ತಕದಲ್ಲಿ ಒಂದು ಸಾಲು ಹೆಚ್ಚಾಯಿತು. ಸಂಬಳ, ದರ್ಜೆ, ಹುದ್ದೆಯ ಹೆಸರು ಯಾವುದೂ ಬದಲಾಗಲಿಲ್ಲ.

ನಾನು ಹೇಳಬೇಕೆಂದಿರುವುದು ಇಷ್ಟು: ಸರ್ಕಾರಿ ಶಾಲೆಗೆ ಪರಿಣತ ಶಿಕ್ಷಕರು ಬೇಕೆಂದರೆ ಸರ್ಕಾರವೇ ಅವರನ್ನು ಓದಿಸಬೇಕು, ಓದಿ ಬಂದವರನ್ನು ಆ ಕೆಲಸದಲ್ಲೇ ಉಳಿಸಿಕೊಳ್ಳಬೇಕು.

ಆ ಓದಿನಿಂದ ಏನು ಬರುತ್ತದೆ ಎಂದು ಕೇಳುವವರಿದ್ದಾರೆ. ನನ್ನ ವಿಷಯ ಶ್ರವಣದೋಷ. ಪ್ರಾರ್ಥನೆ ಮುಗಿದ ಮೇಲೆ ಮೂರನೇ ತರಗತಿಯ ಹುಡುಗನೊಬ್ಬನನ್ನು ಎದುರು ಕೂರಿಸಿಕೊಂಡು, ತುಟಿ ಕಾಣದಂತೆ ಹಾಳೆ ಅಡ್ಡ ಹಿಡಿದು, ಆ, ಈ, ಊ, ಮ್, ಶ್, ಸ್ ಎಂಬ ಆರು ಧ್ವನಿಗಳನ್ನು ಹಿಂದುಮುಂದು ಮಾಡಿ ಹೇಳುತ್ತೇನೆ. ಕೇಳಿಸಿದ ಕೂಡಲೇ ಅವನು ಒಂದು ಹುಣಸೆ ಬೀಜವನ್ನು ಡಬ್ಬಿಗೆ ಹಾಕಬೇಕು. ಡೇನಿಯಲ್ ಲಿಂಗ್ ಎಂಬ ತಜ್ಞರು ರೂಪಿಸಿದ ಈ ಪರೀಕ್ಷೆಗೆ ಕೆಲವೇ ನಿಮಿಷ ಸಾಕು. ಮಾತಿನಲ್ಲಿ ಬರುವ ತಗ್ಗು ಸದ್ದಿನಿಂದ ಕೀಚಲು ಸದ್ದಿನವರೆಗಿನ ಹರವೆಲ್ಲ ಈ ಆರರೊಳಗಿದೆ. ‘ಆ’, ‘ಊ’ ಎಂದಾಗ ಬೀಜ ಬಿದ್ದು ‘ಸ್’ ಎಂದಾಗ ಕೈ ಸುಮ್ಮನಿದ್ದರೆ ಆ ಸದ್ದು ಅವನಿಗೆ ಮುಟ್ಟುತ್ತಿಲ್ಲ ಎಂದರ್ಥ. ಒಂದಕ್ಕೂ ಬೀಳದಿದ್ದರೆ ಶ್ರವಣಯಂತ್ರದ ಬ್ಯಾಟರಿ ಮುಗಿದಿರಬಹುದು, ಇಲ್ಲವೇ ಕಿವಿಯ ಅಚ್ಚಿನಲ್ಲಿ ಗುಗ್ಗೆ ಕಟ್ಟಿರಬಹುದು. ಈ ಹುಡುಗ ಉಕ್ತಲೇಖನದಲ್ಲಿ ‘ಸರ’ ಎಂದರೆ ‘ಅರ’ ಎಂದು ಬರೆಯುತ್ತಿದ್ದ. ‘ಲಕ್ಷ್ಯ ಇಲ್ಲ’ ಎಂದು ಬೈಸಿಕೊಳ್ಳುತ್ತಿದ್ದ. ಲಕ್ಷ್ಯ ಕೊಟ್ಟೇ ಕೇಳುತ್ತಿದ್ದ ಪಾಪ. ಯಂತ್ರವನ್ನು ಅವನ ಕಿವಿಗೆ ಸರಿಯಾಗಿ ಹೊಂದಿಸಿರಲಿಲ್ಲ. ಅಳತೆ ಮಾಡಿಸಿ ಹೊಂದಿಸಿದ ಮೇಲೆ ಕಾಗುಣಿತ ತಾನೇ ಸುಧಾರಿಸಿತು.

ಅದೇ ತಾಲ್ಲೂಕಿನ ಇನ್ನೊಂದು ಹಳ್ಳಿಯಲ್ಲಿ ದೃಷ್ಟಿಯಿಲ್ಲದ ಹುಡುಗಿ ಒಂದನೇ ತರಗತಿಗೆ ಸೇರಿದಳು. ಅಲ್ಲಿ ನನ್ನ ಪದವಿ ಕೆಲಸಕ್ಕೆ ಬರಲಿಲ್ಲ. ಬ್ರೈಲ್‌ನಲ್ಲಿ ಕನ್ನಡದ ಒತ್ತಕ್ಷರ ಅಕ್ಷರದ ಕೆಳಗೆ ಕೂರುವುದಿಲ್ಲ. ‘ಅಕ್ಕ’ ಎಂದು ಬರೆಯಲು ‘ಅ’ ಆದ ಮೇಲೆ ನಾಲ್ಕನೇ ಚುಕ್ಕಿಯ ಗುರುತು, ಆಮೇಲೆ ‘ಕ’, ಮತ್ತೆ ‘ಕ’. ಸ್ಲೇಟಿನಲ್ಲಿ ಬಲದಿಂದ ಎಡಕ್ಕೆ ಚುಚ್ಚುತ್ತ ಹೋಗಬೇಕು, ಓದುವಾಗ ಹಾಳೆ ತಿರುವಿ ಎಡದಿಂದ ಬಲಕ್ಕೆ ಬೆರಳಾಡಿಸಬೇಕು. ಮಗುವಿಗೆ ಇದನ್ನು ಕಲಿಸಲು ಅದೇ ವಿಷಯದಲ್ಲಿ ತರಬೇತಾದವರೇ ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ವಿಶೇಷ ಬಿ.ಇಡಿಯಲ್ಲಿ ಶ್ರವಣ, ದೃಷ್ಟಿ, ಬೌದ್ಧಿಕ ಎಂದು ಒಂದೊಂದು ವಿಭಾಗಕ್ಕೆ ಪ್ರತ್ಯೇಕ ಓದಿದೆ. ತಾಲ್ಲೂಕಿನಲ್ಲಿ ಬೆರಳೆಣಿಕೆಯಷ್ಟಿರುವ ನಮ್ಮಂಥ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರಿಂದ (ಬಿಐಇಆರ್‌ಟಿ) ಎಲ್ಲವನ್ನೂ ನಿರೀಕ್ಷಿಸುತ್ತಾರೆ. ಗೃಹಾಧಾರಿತ ಶಿಕ್ಷಣದ ಮಕ್ಕಳ ಮನೆಭೇಟಿ, ವೈದ್ಯಕೀಯ ತಪಾಸಣಾ ಶಿಬಿರ, ಗಾಲಿಕುರ್ಚಿ ವಿತರಣೆ, ಯುಡಿಐಡಿ ಕಾರ್ಡಿಗೆ ಅರ್ಜಿ ಎಲ್ಲ ನಮ್ಮ ಪಾಲಿಗೇ. ಇವು ಮಕ್ಕಳ ಕೆಲಸವಾದ್ದರಿಂದ ಬೇಸರವಿಲ್ಲ. ಆದರೆ ಇವುಗಳ ನಡುವೆ ಸಮೀಕ್ಷೆ, ಚುನಾವಣೆ, ಕಚೇರಿಯ ಮಾಹಿತಿ ಭರ್ತಿಗೂ ಕರೆಯುತ್ತಾರೆ. ಆ ದಿನಗಳಲ್ಲಿ ಹುಣಸೆ ಬೀಜದ ಡಬ್ಬಿ ತೆರೆಯುವವರೇ ಇಲ್ಲ.

ಎಲ್ಲ ಶಿಕ್ಷಕರಿಗೂ ನಿಷ್ಠಾ ತರಬೇತಿ ಕೊಟ್ಟಿದ್ದೇವೆ, ದೀಕ್ಷಾದಲ್ಲಿ ಕೋರ್ಸುಗಳಿವೆ, ಪ್ರಶಸ್ತ್ ಆ್ಯಪ್ ಇದೆ ಎಂದು ಮೇಲಿನವರು ಹೇಳುತ್ತಾರೆ. ಅವುಗಳಿಂದ ಉಪಯೋಗವಿದೆ. ಮಗುವಿಗೆ ಏನೋ ತೊಂದರೆಯಿದೆ ಎಂದು ತರಗತಿ ಶಿಕ್ಷಕರು ಬೇಗ ಗುರುತಿಸುತ್ತಾರೆ. ಗುರುತಿಸಿದ ಮೇಲೆ ಮಗುವನ್ನು ಯಾರ ಬಳಿ ಕಳಿಸುವುದು?

ಕಾನೂನು ಸ್ಪಷ್ಟವಾಗಿದೆ. ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲೇ ವಿಶೇಷ ಶಿಕ್ಷಕರ ಹುದ್ದೆಗಳನ್ನು ಸೃಷ್ಟಿಸಲು ಹೇಳಿತು. ಒಂದರಿಂದ ಐದನೇ ತರಗತಿವರೆಗೆ ಇಂಥ 10 ಮಕ್ಕಳಿಗೆ ಒಬ್ಬರು, ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬರು ಎಂಬುದು ಪ್ರಮಾಣ. 2025ರ ಮಾರ್ಚ್‌ನಲ್ಲಿ ಅದೇ ನ್ಯಾಯಾಲಯ, ಮಂಜೂರಾದ ಹುದ್ದೆಗಳನ್ನು ಪ್ರಕಟಿಸಿ ನೇಮಕ ಶುರು ಮಾಡಿ ಎಂದು ರಾಜ್ಯಗಳಿಗೆ ಮತ್ತೆ ಹೇಳಬೇಕಾಯಿತು. ನಮ್ಮ ಹಳ್ಳಿ ಶಾಲೆಗಳಲ್ಲಿ ಇಂಥ ಮಕ್ಕಳು ಒಬ್ಬಿಬ್ಬರೇ ಇರುತ್ತಾರೆ, ಹುದ್ದೆ ಹೇಗೆ ಕೊಡುವುದು ಎಂಬ ತಕರಾರಿಗೂ 2021ರ ತೀರ್ಪಿನಲ್ಲೇ ದಾರಿಯಿದೆ: ಅಕ್ಕಪಕ್ಕದ ಶಾಲೆಗಳಿಗೆ ಸೇರಿ ಒಬ್ಬರು ಸಂಚರಿಸಿ ಕಲಿಸಬಹುದು. ನಮ್ಮ ಕ್ಲಸ್ಟರ್ ವ್ಯವಸ್ಥೆಗೆ ಇದು ಸರಿಯಾಗಿ ಹೊಂದುತ್ತದೆ.

ಹುದ್ದೆಯೇ ಇಲ್ಲದಿದ್ದರೆ ಓದಿದವರು ನಿಲ್ಲುವುದಿಲ್ಲ. ನನ್ನ ಜೊತೆ ಓದಿದ ಕೆಲವರು ಹುಬ್ಬಳ್ಳಿ, ಬೆಂಗಳೂರಿನ ಖಾಸಗಿ ಥೆರಪಿ ಕೇಂದ್ರಗಳಲ್ಲಿದ್ದಾರೆ. ಸರ್ಕಾರಿ ಸೇವೆಯಲ್ಲಿದ್ದವರು ವರ್ಗಾವಣೆಯಾಗಿ ಸಾಮಾನ್ಯ ತರಗತಿಗೆ ಹೋದರು. ಅವರ ಕಲಿಕೆ ಅಲ್ಲಿಗೇ ನಿಂತಿತು. ಪರಿಷತ್ತಿನ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಅದಕ್ಕೆ ಬೇಕಾದ ನಿರಂತರ ಪುನರ್ವಸತಿ ಶಿಕ್ಷಣದ (ಸಿಆರ್‌ಇ) ಅಂಕಗಳಿಗಾಗಿ ಸ್ವಂತ ಖರ್ಚಿನಲ್ಲಿ ಕಾರ್ಯಾಗಾರಗಳಿಗೆ ಓಡಾಡಬೇಕು. ಸಾಮಾನ್ಯ ತರಗತಿಗೆ ಹೋದವರು ಅದನ್ನೂ ಕೈಬಿಡುತ್ತಾರೆ. ವರ್ಗಾವಣೆ ಕೌನ್ಸೆಲಿಂಗ್ ಹತ್ತಿರ ಬಂದಾಗ ಆ ಹುಡುಗನ ತಾಯಿ ನನ್ನನ್ನು ಕೇಳಿದ್ದು ನೆನಪಿದೆ: “ಅಕ್ಕೋರೆ, ನೀವು ಹೋದ್ರ ಇವ್ನ ಕಿವಿ ನೋಡೋರು ಯಾರ್ರೀ?” ನನ್ನ ಬಳಿ ಉತ್ತರವಿರಲಿಲ್ಲ.

ಆಗಬೇಕಾದ್ದು ಅಸಾಧ್ಯದ್ದೇನಲ್ಲ. ಸೇವೆಯಲ್ಲಿರುವ ಶಿಕ್ಷಕರನ್ನು ಪೂರ್ಣ ಸಂಬಳದ ಮೇಲೆ ವಿಶೇಷ ಬಿ.ಇಡಿಗೆ ನಿಯೋಜಿಸಿ, ಓದಿದ ಮೇಲೆ ಇಂತಿಷ್ಟು ವರ್ಷ ಇದೇ ಕೆಲಸ ಮಾಡಬೇಕೆಂದು ಬಾಂಡ್ ಬರೆಸಿಕೊಳ್ಳಲಿ. ನಾವು ಸಂತೋಷದಿಂದ ಬರೆದುಕೊಡುತ್ತೇವೆ. ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆ 1965ರಿಂದಲೂ ನಮ್ಮ ರಾಜ್ಯದಲ್ಲೇ ಇದೆ, ಅಲ್ಲಿ ಶ್ರವಣದೋಷದ ವಿಶೇಷ ಬಿ.ಇಡಿಯೂ ಇದೆ. ಆದರೆ ಬೀದರಿನ ಶಿಕ್ಷಕಿ ಮನೆ ಬಿಟ್ಟು ಮೈಸೂರಿಗೆ ಬರುವುದು ಸುಲಭವೇ? ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ವಿಭಾಗಗಳಲ್ಲಿ ತಲಾ ಒಂದು ಡಯಟ್‌ನಲ್ಲಾದರೂ ಪರಿಷತ್ತಿನ ಮಾನ್ಯತೆ ಪಡೆದ ಕೋರ್ಸು ಶುರುವಾಗಬೇಕು. ವಿಶೇಷ ಶಿಕ್ಷಕರಿಗೆ ಪ್ರತ್ಯೇಕ ವೃಂದ, ಬಡ್ತಿ, ಭತ್ಯೆ ಇರಬೇಕು. ಅವರನ್ನು ಬೇರೆ ಕೆಲಸಕ್ಕೆ ಎಳೆಯಬಾರದು.

ಓದುಗರಲ್ಲಿ, ಅದರಲ್ಲೂ ತಂದೆತಾಯಂದಿರಲ್ಲಿ ಒಂದು ವಿನಂತಿ. ನಿಮ್ಮೂರ ಶಾಲೆಯ ಮುಂದಿನ ಎಸ್‌ಡಿಎಂಸಿ ಸಭೆಗೆ ಹೋದಾಗ, ನಿಮ್ಮ ಮಗುವಿಗೆ ತೊಂದರೆ ಇರಲಿ ಬಿಡಲಿ, ಈ ಕ್ಲಸ್ಟರ್‌ನಲ್ಲಿ ನೋಂದಾಯಿತ ವಿಶೇಷ ಶಿಕ್ಷಕರು ಯಾರಿದ್ದಾರೆ, ಅವರು ವಾರಕ್ಕೆ ಎಷ್ಟು ಸಲ ಶಾಲೆಗೆ ಬರುತ್ತಾರೆ ಎಂದು ಕೇಳಿ. ಯಾರೂ ಇಲ್ಲ ಎಂದಾದರೆ ಅದನ್ನು ಠರಾವು ಪುಸ್ತಕದಲ್ಲಿ ಬರೆಸಿ, ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗೆ ಕಳಿಸಿ.