ಹಸ್ತಾಕ್ಷರದ ಉಡುಗೊರೆ

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂಬುದು ಹಿರಿಯರ ಮಾತು. ತರಗತಿಯಲ್ಲಿ ಎಷ್ಟೋ ಸಲ ನಾವು ಇದನ್ನು ಮಕ್ಕಳಿಗೆ ಹೇಳಿದ್ದೇವೆ. ಆದರೆ ಅದರ ಪೂರ್ತಿ ಅರ್ಥ ನಮಗೇ ತಿಳಿದದ್ದು ಒಂದು ಚಿಕ್ಕ ಕಾರ್ಡಿನಿಂದ.

ಮಕ್ತಲ್ ಕಡೆಯ ಹಳ್ಳಿಯಿಂದ ಬರುವ ಎಂಟನೆಯ ತರಗತಿಯ ಹುಡುಗನೊಬ್ಬನಿಗೆ ಕ್ರಿಕೆಟ್ ಆಟಗಾರರ ಚಿತ್ರ ಕೂಡಿಸುವ ಹವ್ಯಾಸ. ಪತ್ರಿಕೆಯ ಚಿತ್ರಗಳನ್ನು ಹಳೆಯ ನೋಟ್‌ಬುಕ್ಕಿಗೆ ಅಂಟಿಸಿ, ಕೆಳಗೆ ಅವರವರ ರನ್ನುಗಳ ಲೆಕ್ಕ ಬರೆದಿಡುತ್ತಾನೆ. ಜಿ. ಆರ್. ವಿಶ್ವನಾಥ್ ಅವರು 1969ರಲ್ಲಿ ಕಾನ್ಪುರದ ತಮ್ಮ ಮೊದಲ ಟೆಸ್ಟಿನಲ್ಲಿ ಒಮ್ಮೆ ಸೊನ್ನೆಗೆ ಔಟಾಗಿ, ಮರು ಸರದಿಯಲ್ಲಿ 137 ರನ್ ಹೊಡೆದದ್ದು ಅವನಿಗೆ ಬಾಯಿಪಾಠ. ಅವನ ಸೋದರಮಾವ ನಾರಾಯಣಪೇಟೆಯಲ್ಲಿ ಮಗ್ಗ ನೇಯುತ್ತಾರೆ. ಅಳಿಯನ ಹುಟ್ಟುಹಬ್ಬಕ್ಕೆಂದು ಹಲವು ದಿನಗಳ ದುಡಿಮೆಯ ಹಣ ತೆತ್ತು, ಹೆಸರಾಂತ ಆಟಗಾರನೊಬ್ಬನ ಸಹಿಯುಳ್ಳ ಕಾರ್ಡನ್ನು ತರಿಸಿಕೊಟ್ಟರು.

ಹುಡುಗ ಅದನ್ನು ಹೆಮ್ಮೆಯಿಂದ ಶಾಲೆಗೆ ತಂದ. ನಾವು ವಿಜ್ಞಾನದ ಕೋಣೆಯಿಂದ ಭೂತಗನ್ನಡಿ ತರಿಸಿ ನೋಡಿದೆವು. ಸಹಿಯ ಗೆರೆ ಶಾಯಿಯ ಗೆರೆಯಾಗಿರಲಿಲ್ಲ; ಚಿತ್ರದಂತೆಯೇ ಸಣ್ಣ ಸಣ್ಣ ಚುಕ್ಕೆಗಳಾಗಿತ್ತು. "ಇದು ಅಚ್ಚಿನ ಸಹಿ" ಎಂದು ಎಲ್ಲರೆದುರಿಗೆ ಹೇಳಿಬಿಟ್ಟೆವು. ತರಗತಿ ನಕ್ಕಿತು. ಸಂಜೆ ಹುಡುಗ ಬಂದು, "ಮಾಮಾಗ ಹೇಳಬ್ಯಾಡ್ರಿ ಸರ್, ಬ್ಯಾಸರ ಮಾಡ್ಕೋತಾರ" ಎಂದ. ನಾವು ಹೇಳಿದ್ದು ಸತ್ಯವೇ. ಆದರೆ ಹೇಳಿದ ರೀತಿ ತಪ್ಪಾಗಿತ್ತು. ಆ ತಪ್ಪಿನ ನೆನಪಿನಿಂದಲೇ ಈ ಲೇಖನ.

ಸಹಿ ಮಾಡಿದ ಕಾರ್ಡುಗಳ ವ್ಯಾಪಾರ ನಮಗೆ ಹೊಸದಾದರೂ ಅಮೆರಿಕದಲ್ಲಿ ಬಹಳ ದೊಡ್ಡದು. ಅಲ್ಲಿಯ ಬೇಸ್‌ಬಾಲ್ ಆಟಗಾರರ ಚಿತ್ರದ ಕಾರ್ಡುಗಳು ಮೊದಲು ಸಿಗರೇಟಿನ ಪೊಟ್ಟಣಗಳಲ್ಲಿ, ಆಮೇಲೆ ಮಕ್ಕಳು ಜಗಿಯುವ ಗಮ್ಮಿನ ಜೊತೆ ಬರುತ್ತಿದ್ದವು. ಮಿಕ್ಕಿ ಮ್ಯಾಂಟಲ್ ಎಂಬ ಆಟಗಾರನ 1952ರ ಕಾರ್ಡೊಂದು 2022ರ ಹರಾಜಿನಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹೋಯಿತು. ಬೆಲ್ಲ ಇದ್ದಲ್ಲಿ ಇರುವೆ. 1990ರ ದಶಕದ ಕೊನೆಗೆ ಅಲ್ಲಿಯ ಎಫ್.ಬಿ.ಐ. ಪೊಲೀಸರು ಕಳ್ಳಸಹಿಗಳ ದೊಡ್ಡ ಜಾಲವೊಂದನ್ನು ಹಿಡಿದರು. ಖೋಟಾ ಸಹಿಗಳ ಜೊತೆಗೆ "ಇದು ಅಸಲಿ" ಎಂಬ ಖೋಟಾ ಪ್ರಮಾಣಪತ್ರಗಳೂ ಇದ್ದವು. ಮದರ್ ತೆರೇಸಾ ಅವರ ಸಹಿಯುಳ್ಳ ಬೇಸ್‌ಬಾಲ್ ಚೆಂಡು ಕೂಡ ಅಲ್ಲಿ ಸಿಕ್ಕಿತಂತೆ! ಹೀಗಿರುವಾಗ ಫೋನಿನ ಪರದೆಯ ಮೇಲೆ ಚಿತ್ರ ನೋಡಿ ಹಣ ಕಳಿಸುವ ನಮ್ಮ ಪಾಲಕರು ಮೋಸ ಹೋದರೆ ಆಶ್ಚರ್ಯವೇನು?

ಆದರೆ ಪರೀಕ್ಷಿಸಿ ಕೊಳ್ಳುವ ವಿದ್ಯೆ ನಮ್ಮ ಊರುಗಳಿಗೆ ಹೊಸದಲ್ಲ. ಗದ್ವಾಲ ಸೀರೆಯ ಒಡಲು ಹತ್ತಿಯದು, ಅಂಚು ಸೆರಗು ರೇಷ್ಮೆಯವು. ಮಗ್ಗದ ಮೇಲೆಯೇ ಎಳೆಗೆ ಎಳೆ ಕೂಡಿಸಿ ನೇಯುತ್ತಾರೆ. ನಮ್ಮ ತಾಯಂದಿರು ಸೀರೆಯನ್ನು ತಿರುವಿ ಹಾಕಿ, ಆ ಕೂಡಿಕೆಯನ್ನು ಬೆರಳಿನಿಂದ ಮುಟ್ಟಿ ನೋಡದೆ ಬೆಲೆ ಕೇಳುವುದಿಲ್ಲ. ಸಹಿಯನ್ನೂ ಹಾಗೆಯೇ ನೋಡಬೇಕು. ಭೂತಗನ್ನಡಿಯಲ್ಲಿ ಚುಕ್ಕೆಗಳು ಕಂಡರೆ ಅದು ಅಚ್ಚು. ಬೆಳಕಿಗೆ ಓರೆಯಾಗಿ ಹಿಡಿದಾಗ ಪೆನ್ನಿನ ಶಾಯಿ ಸಾಮಾನ್ಯವಾಗಿ ಚಿತ್ರದ ಮೇಲೆ ಬೇರೆಯಾಗಿಯೇ ತೋರುತ್ತದೆ. ಯಾರೂ ಎರಡು ಸಲ ಕೂದಲೆಳೆಯೂ ಬದಲಾಗದಂತೆ ಸಹಿ ಮಾಡಲಾರರು. ಎರಡು ಕಾರ್ಡುಗಳ ಸಹಿ ಒಂದರ ಮೇಲೊಂದು ಇಟ್ಟಂತೆ ಸರಿಹೊಂದಿದರೆ, ಅದು ಅಚ್ಚಿನದೋ ಯಂತ್ರದ್ದೋ ಇರಬೇಕು. ಇಷ್ಟಾದರೂ ನುರಿತ ಖೋಟಾದಾರನ ಕೈ ಕಣ್ಣಿಗೆ ಸಿಗದಿರಬಹುದು.

ಹಾಗಾದರೆ ಹಣ ಕೊಟ್ಟು ಸಹಿ ಪಡೆಯುವುದೇ ತಪ್ಪೇ? ಹಾಗೆಂದು ನಾವು ಹೇಳುವುದಿಲ್ಲ. ಮಹಾತ್ಮಾ ಗಾಂಧಿಯವರೇ ತಮ್ಮ ಒಂದು ಸಹಿಗೆ ಐದು ರೂಪಾಯಿ ಕೇಳಿ, ಹರಿಜನ ನಿಧಿಗೆ ಸೇರಿಸುತ್ತಿದ್ದರು. ಆದರೆ ಕೊಟ್ಟವನು ಗಾಂಧೀಜಿಯ ಕೈ ಚಲಿಸಿದ್ದನ್ನು ಎದುರು ನಿಂತು ಕಂಡಿದ್ದ. ಹಣ ಎಲ್ಲಿಗೆ ಹೋಯಿತೆಂಬುದೂ ಅವನಿಗೆ ಗೊತ್ತಿತ್ತು. ಶಿವರಾಮ ಕಾರಂತರು ಓದುಗರ ಪತ್ರಗಳಿಗೆ ತಾವೇ ಉತ್ತರ ಬರೆಯುವ ರೂಢಿ ಇಟ್ಟುಕೊಂಡಿದ್ದರು. ಅಂಥ ಕಾರ್ಡು ಬಂದ ಮನೆಯವರಿಗೆ ಅದು ಕೇವಲ ಸಹಿಯಲ್ಲ; ತಾವು ಕೇಳಿದ್ದಕ್ಕೆ ಬಂದ ಉತ್ತರ. ಸಹಿಯ ಬೆಲೆ ಇರುವುದು ಇಲ್ಲಿಯೇ ಎಂದು ನಮ್ಮ ಅಭಿಪ್ರಾಯ. ಅದು ಇಬ್ಬರ ನಡುವಿನ ಭೇಟಿಯ ಗುರುತು. ಭೇಟಿಯಿಲ್ಲದೆ ಕೊಂಡದ್ದು, ಅಸಲಿಯಾಗಿದ್ದರೂ, ಬೇರೆ ಯಾರದೋ ನೆನಪು.

ಆದ್ದರಿಂದ ಪಾಲಕರಲ್ಲಿ ನಮ್ಮ ವಿನಂತಿ ಇಷ್ಟೇ. ಮಗುವಿಗೆ ಸಂಗ್ರಹದ ಹವ್ಯಾಸವಿದ್ದರೆ ಸಹಿಯನ್ನು ಕೊಳ್ಳಬೇಡಿರಿ. ಸಹಿ ಕೇಳುವ ಸಾಧನ ಕೊಡಿಸಿರಿ. ಗಟ್ಟಿ ರಟ್ಟಿನ ಒಂದು ಖಾಲಿ ಪುಸ್ತಕ, ಒಳ್ಳೆಯ ಪೆನ್ನು, ಅಂಚೆಚೀಟಿ ಹಚ್ಚಿ ಶಾಲೆಯ ವಿಳಾಸ ಬರೆದ ಕೆಲವು ಲಕೋಟೆಗಳು ಸಾಕು. ಮೆಚ್ಚಿನ ಆಟಗಾರರಿಗೆ, ಲೇಖಕರಿಗೆ ಮಗು ತಾನೇ ಪತ್ರ ಬರೆಯಲಿ. ಹತ್ತರಲ್ಲಿ ಒಂಬತ್ತಕ್ಕೆ ಉತ್ತರ ಬಾರದಿರಬಹುದು. ಕಾಯುವುದನ್ನು ಕಲಿಯುವುದೂ ಒಂದು ಪಾಠ.

ವಿದ್ಯಾರ್ಥಿಗಳೇ, ದೂರದವರ ಸಹಿಗೆ ಕಾಯುವಾಗ ಹತ್ತಿರದವರನ್ನು ಮರೆಯಬೇಡಿರಿ. ನಮ್ಮ ಈ ನಾಡು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಉರ್ದುವಿನಲ್ಲಿ ಕಲಿತ ಅಜ್ಜ, ತೆಲುಗಿನಲ್ಲಿ ಲೆಕ್ಕ ಬರೆಯುವ ಅಂಗಡಿಯವರು, ಮರಾಠಿ ಮನೆಮಾತಿನ ನೆರೆಯವರು, ಕನ್ನಡದಲ್ಲಿ ಓದುವ ನೀವು. ಒಂದೇ ಹಾಳೆಯ ಮೇಲೆ ಈ ನಾಲ್ಕು ಬರವಣಿಗೆಯ ಸಹಿಗಳನ್ನು ಕೂಡಿಸಿರಿ. ಅಂಥ ಹಾಳೆ ಯಾವ ಹರಾಜಿನಲ್ಲಿಯೂ ಸಿಗದು. ಕೆಳಗೆ ನಿಮ್ಮ ಸಹಿಯನ್ನು ಕನ್ನಡದಲ್ಲಿಯೇ ಮಾಡಿರಿ.

ಇನ್ನು ಆ ಹುಡುಗನ ಮಾತು. ನಾವು ತರಗತಿಯ ಮುಂದೆಯೇ ಅವನ ಕ್ಷಮೆ ಕೇಳಿದೆವು. ಮಾವನಿಗೆ ವಿಷಯವನ್ನು ಕೊನೆಗೆ ಅವನೇ ತಿಳಿಸಿದ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಕಾರ್ಡನ್ನು ಇಸಿದುಕೊಂಡು ತಿರುವಿ ಹಾಕಿ, ಹಿಂಬದಿಯಲ್ಲಿ ತಮ್ಮ ಹೆಸರನ್ನೂ ಅಂದಿನ ತಾರೀಖನ್ನೂ ನಿಧಾನವಾಗಿ ಬರೆದರಂತೆ. ಹುಡುಗ ಈಗ ತನ್ನ ಪುಸ್ತಕದಲ್ಲಿ ಆ ಬದಿಯೇ ಮೇಲೆ ಕಾಣುವಂತೆ ಕಾರ್ಡನ್ನು ಇಟ್ಟಿದ್ದಾನೆ.