ಮುದ್ರೆ ಬೀಳದ ಮೀಟರಿಗೆ ಹೆದರಿ ಮನೆ ಬಿಡಬೇಕೆ?

ಮಂಡಿಪೇಟೆಯಲ್ಲಿ ಎರಡು ಕಿಲೋ ಬೆಲ್ಲ ತೂಗುವ ತಕ್ಕಡಿಗೂ ಸರಕಾರದ ಮುದ್ರೆ ಇರಬೇಕು. ಮುದ್ರೆಯ ಅವಧಿ ಮುಗಿದಿದ್ದರೆ ದಂಡ. ಆದರೆ ಒಂದು ಸಂಸಾರ ತಾನಿದ್ದ ಮನೆಯಲ್ಲಿ ಇರಬೇಕೋ ಬಿಡಬೇಕೋ, ಎದುರು ಮನೆಯವರ ಜತೆ ಮಾತಾಡಬೇಕೋ ಕೋರ್ಟಿಗೆ ಹೋಗಬೇಕೋ ಎಂಬುದನ್ನು ತೀರ್ಮಾನಿಸುವ ಯಂತ್ರವೊಂದು ಯಾವ ಮುದ್ರೆಯೂ ಇಲ್ಲದೆ ದಾವಣಗೆರೆಯ ಬೀದಿ ಬೀದಿ ಸುತ್ತುತ್ತಿದೆ. ಕೇಳುವವರಿಲ್ಲ.

ಅದರ ಹೆಸರು ಇ.ಎಂ.ಎಫ್. ಮೀಟರು. ವಿದ್ಯುತ್ಕಾಂತ ಕ್ಷೇತ್ರ ಅಳೆಯುವ ಯಂತ್ರ ಎಂದರ್ಥ. ಜನರ ಬಾಯಲ್ಲಿ ಅದು 'ರೇಡಿಯೇಶನ್ ಮೀಟರು'. ಟಿ.ವಿ. ರಿಮೋಟಿಗಿಂತ ಸ್ವಲ್ಪ ದಪ್ಪ. ಆನ್‌ಲೈನಿನಲ್ಲಿ ಒಂದೆರಡು ಸಾವಿರ ಚೆಲ್ಲಿದರೆ ಮನೆ ಬಾಗಿಲಿಗೇ ಬರುತ್ತದೆ. ಗುಂಡಿ ಒತ್ತಿದರೆ ಅಂಕಿಗಳು ಕುಣಿಯುತ್ತವೆ, ಕೆಂಪು ದೀಪ ಹತ್ತುತ್ತದೆ, ಕೀಂ ಎಂದು ಕೂಗುತ್ತದೆ. ಕೂಗಿದ ಮೇಲೆ ಮುಗಿಯಿತಲ್ಲ, ಮನೆಯವರ ಎದೆಯೂ ಕೂಗುತ್ತದೆ.

ಈಚೆಗೆ ನಗರದ ಒಂದು ಬಡಾವಣೆಯಲ್ಲಿ ನಡೆದದ್ದು ಇಷ್ಟು. ಒಬ್ಬ ವಿಧವೆಯ ಮನೆಯ ಮಾಳಿಗೆ ಮೇಲೆ ಮೊಬೈಲ್ ಟವರಿದೆ. ಅದರ ಬಾಡಿಗೆಯೇ ಆಕೆಯ ಜೀವನ. ಎದುರು ಮನೆಯ ಹುಡುಗ ಇಂಥ ಯಂತ್ರ ತರಿಸಿ ಗಲ್ಲಿಯುದ್ದಕ್ಕೂ ಹಿಡಿದುಕೊಂಡು ಅಡ್ಡಾಡಿದ. ಕೆಂಪು ದೀಪ ಹತ್ತಿತು. ವಾರದೊಳಗೆ ಪಕ್ಕದ ವಠಾರದಲ್ಲಿದ್ದ, ಎಳೆ ಕೂಸಿನ ಸಂಸಾರವೊಂದು ಗಂಟು ಮೂಟೆ ಕಟ್ಟಿತು. ಆಮೇಲೆ ಬಂದ ವಾಸ್ತುವಿನವನು ಅದೇ ಥರದ ಯಂತ್ರ ಹಿಡಿದು, ಗೋಡೆಗೆ ಅಂಟಿಸುವ 'ರಕ್ಷಾ ಚಿಪ್ಪು' ಮಾರಿ ದುಡ್ಡು ಎಣಿಸಿಕೊಂಡು ಹೋದ. ಬೀದಿಯಲ್ಲಿ ಈಗ ಎರಡು ಪಾರ್ಟಿ. "ಯಂತ್ರ ಸುಳ್ಳು ಹೇಳುತ್ತೇನ್ರೀ?" ಎಂದು ಒಂದು ಪಾರ್ಟಿ. "ನನ್ನ ಅನ್ನಕ್ಕೆ ಕಲ್ಲು ಹಾಕ್ತೀರೇನ್ರಪ್ಪಾ?" ಎಂದು ಆ ತಾಯಿ.

ಯಂತ್ರ ಸುಳ್ಳು ಹೇಳುವುದಿಲ್ಲ ಸ್ವಾಮಿ. ಆದರೆ ಅದು ಹೇಳಿದ್ದೇನು ಎಂದು ಕೇಳುವವನಿಗೆ ತಿಳಿದಿರಬೇಕು.

ಭಯ ಹುಟ್ಟಿದ್ದು ಎಲ್ಲಿಂದ?

ಭಯಪಟ್ಟವರನ್ನು ಗೇಲಿ ಮಾಡುವುದು ಈ ಅಂಕಣದ ಕೆಲಸವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2002ರಲ್ಲಿ ಕರೆಂಟಿನ ತಂತಿಯ ಕಾಂತಕ್ಷೇತ್ರವನ್ನೂ, 2011ರಲ್ಲಿ ಮೊಬೈಲಿನಂಥ ರೇಡಿಯೋ ತರಂಗಗಳನ್ನೂ '2ಬಿ' ಪಟ್ಟಿಗೆ ಸೇರಿಸಿತು. ಕ್ಯಾನ್ಸರ್ ತರುವ ಸಾಧ್ಯತೆ ಇದ್ದೀತು, ಪುರಾವೆ ಸಾಲದು ಎಂಬುದು ಆ ಪಟ್ಟಿಯ ತಾತ್ಪರ್ಯ. 2017ರಲ್ಲಿ ಗ್ವಾಲಿಯರಿನ ಮನೆಗೆಲಸದ ವ್ಯಕ್ತಿಯೊಬ್ಬರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು ಒಂದು ಟವರನ್ನು ಬಂದ್ ಮಾಡಿಸಿದ ಸುದ್ದಿಯೂ ಪೇಪರಿನಲ್ಲಿ ಬಂದಿತ್ತು. ಹೀಗಿರುವಾಗ ಕೂಸಿನ ತಾಯಿ ಹೆದರಿದಳು ಎಂದರೆ ಅದರಲ್ಲಿ ತಪ್ಪೇನು? ನನ್ನ ತಕರಾರು ಭಯದ ಮೇಲಲ್ಲ, ಆ ಭಯವನ್ನು ಅಳೆಯಲು ಹಿಡಿದ ಸೇರಿನ ಮೇಲೆ.

ಒಂದೇ ಹೆಸರು, ಮೂರು ವಸ್ತು

'ರೇಡಿಯೇಶನ್' ಎಂದು ನಾವು ಒಂದೇ ಮಾತಿನಲ್ಲಿ ಹೇಳುತ್ತೇವೆ. ಯಂತ್ರಕ್ಕೆ ಅದು ಮೂರು ಬೇರೆ ಬೇರೆ ವಸ್ತು. ಮನೆಯ ವೈರಿಂಗಿನಲ್ಲಿ ವೋಲ್ಟೇಜು ಇದ್ದರೆ ಸಾಕು, ಸ್ವಿಚ್ ಹಾಕದಿದ್ದರೂ ಸುತ್ತ ವಿದ್ಯುತ್ ಕ್ಷೇತ್ರವಿರುತ್ತದೆ. ಕರೆಂಟು ಹರಿದಾಗ ಕಾಂತಕ್ಷೇತ್ರ ಹುಟ್ಟುತ್ತದೆ. ಇವೆರಡೂ ಸೆಕೆಂಡಿಗೆ 50 ಸಲ ತಿರುಗುವಂಥವು. ಮೊಬೈಲ್ ಟವರಿನದು ಸೆಕೆಂಡಿಗೆ ಕೋಟಿಗಟ್ಟಲೆ ಸಲ ಕಂಪಿಸುವ ರೇಡಿಯೋ ತರಂಗ. ಅಗ್ಗದ ಯಂತ್ರಗಳಲ್ಲಿ ಎಷ್ಟೋ ಮೊದಲಿನ ಎರಡನ್ನು ಮಾತ್ರ ಅಳೆಯುತ್ತವೆ. ಅಂಥದನ್ನು ಟವರಿನ ಕಡೆ ಹಿಡಿದರೆ ಸಿಗುವುದು ಟವರಿನ ಲೆಕ್ಕವಲ್ಲ, ಪಕ್ಕದ ಕಂಬದ ತಂತಿಯದೋ ಗೋಡೆಯೊಳಗಿನ ವೈರಿನದೋ ಲೆಕ್ಕ. ಹಾಲು ಅಳೆಯುವ ಲೀಟರಿನಲ್ಲಿ ಬಟ್ಟೆ ಅಳೆದ ಹಾಗೆ.

ಫೋನಿನಲ್ಲಿ ಪುಕ್ಕಟೆ ಸಿಗುವ ಆ್ಯಪುಗಳದು ಇನ್ನೂ ತಮಾಷೆ. ಫೋನಿನೊಳಗೆ ಇರುವುದು ದಿಕ್ಸೂಚಿಗಾಗಿ ಇಟ್ಟ ಸಣ್ಣ ಕಾಂತ ಸಂವೇದಿ. ಅದು ಮುಖ್ಯವಾಗಿ ತೋರಿಸುವುದು ಭೂಮಿಯ ಕಾಂತಕ್ಷೇತ್ರವನ್ನು. ನಮ್ಮ ಭಾಗದಲ್ಲಿ ಅದು ಸುಮಾರು 40 ಮೈಕ್ರೋಟೆಸ್ಲಾ. ನಮ್ಮಜ್ಜ ಮುತ್ತಜ್ಜಂದಿರೂ ಅದರೊಳಗೇ ಬಾಳಿದವರು. ಆ 40ನ್ನು ನೋಡಿ "ನಮ್ಮ ಮಲಗುವ ಕೋಣೆ ತುಂಬಾ ರೇಡಿಯೇಶನ್" ಎಂದು ಮಂಚ ಸರಿಸಿದವರೂ ಉಂಟು.

ಅಂಕಿ ಕುಣಿಯುವುದೇಕೆ?

ವಿಜ್ಞಾನದ ಪಾಠ ನನಗೆ ಪಿ.ಯು.ಸಿ. ಅರ್ಧಕ್ಕೇ ನಿಂತಿತು. ಆದರೆ ಹೈಸ್ಕೂಲಿನ ಪೈಥಾಗೊರಸ್ ನೆನಪಿದ್ದವರಿಗೂ ಇದು ತಿಳಿಯುತ್ತದೆ. ಅಗ್ಗದ ಯಂತ್ರದಲ್ಲಿ ಸಾಮಾನ್ಯವಾಗಿ ಒಂದೇ ಸುರುಳಿ ಇರುತ್ತದೆ. ಅದು ಒಂದೇ ದಿಕ್ಕಿನ ಕಾಂತಕ್ಷೇತ್ರವನ್ನು ಹಿಡಿಯುತ್ತದೆ. ಅಡ್ಡ ಹಿಡಿದರೆ 2, ಉದ್ದ ಹಿಡಿದರೆ 3, ನೆಟ್ಟಗೆ ನಿಲ್ಲಿಸಿದರೆ 6 ಬಂತು ಎನ್ನಿ. ನಿಜವಾದ ಲೆಕ್ಕ ಮೂರರ ವರ್ಗ ಕೂಡಿಸಿ ವರ್ಗಮೂಲ ತೆಗೆದದ್ದು: 4, 9, 36 ಕೂಡಿದರೆ 49, ಅಂದರೆ 7. ಎದುರು ಮನೆಯವನು ಒಂದು ರೀತಿ ಹಿಡಿದು 2 ಎನ್ನುತ್ತಾನೆ, ಈ ಮನೆಯವನು ಇನ್ನೊಂದು ರೀತಿ ಹಿಡಿದು 6 ಎನ್ನುತ್ತಾನೆ. ಜಗಳಕ್ಕೆ ಇಷ್ಟು ಸಾಕಲ್ಲವೆ? ಮೂರು ಸುರುಳಿಯ ಯಂತ್ರ ಈ ಲೆಕ್ಕ ತಾನೇ ಮಾಡುತ್ತದೆ, ಬೆಲೆ ಮಾತ್ರ ಏರುತ್ತದೆ.

ಇನ್ನೊಂದು ಒಳಗುಟ್ಟು. ಸುರುಳಿಯಲ್ಲಿ ಹುಟ್ಟುವ ವೋಲ್ಟೇಜು ಕಂಪನ ಹೆಚ್ಚಿದಷ್ಟೂ ಹೆಚ್ಚುತ್ತದೆ. 50ಕ್ಕೆ ಹೊಂದಿಸಿದ ಯಂತ್ರಕ್ಕೆ 150 ಹರ್ಟ್ಸಿನ ಕ್ಷೇತ್ರ ಸಿಕ್ಕರೆ, ಒಳಗೆ ತಿದ್ದುವ ಏರ್ಪಾಟು ಇಲ್ಲದಿದ್ದಲ್ಲಿ, ಒಂದಿದ್ದದ್ದನ್ನು ಮೂರು ಎನ್ನುತ್ತದೆ. ಇವತ್ತು ಮನೆ ತುಂಬ ಯು.ಪಿ.ಎಸ್., ಎಲ್.ಇ.ಡಿ. ಬಲ್ಬು, ಚಾರ್ಜರು. ಇವೆಲ್ಲ ಅಂಥ ಮಿಶ್ರ ಕಂಪನ ಎಬ್ಬಿಸುವಂಥವೇ.

ವಿದ್ಯುತ್ ಕ್ಷೇತ್ರದ ಅಂಕಿಯಂತೂ ಕೈಯಲ್ಲಿ ಹಿಡಿದವನ ಮೈಯಿಂದಲೇ ಕೆಡುತ್ತದೆ. ನಮ್ಮ ದೇಹ ಆ ಕ್ಷೇತ್ರವನ್ನು ಎಳೆದು ಬಾಗಿಸುತ್ತದೆ. ತಿಳಿದವರು ಯಂತ್ರವನ್ನು ವಿದ್ಯುತ್ ಹರಿಯದ ಕೋಲಿನ ಮೇಲಿಟ್ಟು ದೂರ ಸರಿದು ಓದುತ್ತಾರೆ. ಗಲ್ಲಿಯಲ್ಲಿ ಹಾಗೆ ಮಾಡುವವರನ್ನು ನಾನು ಕಂಡಿಲ್ಲ.

ಟವರಿನ ವಿಷಯಕ್ಕೆ ಬಂದರೆ, ಎದುರು ಮನೆಯ ಹುಡುಗನ ಜೇಬಿನಲ್ಲೇ ಒಂದು ಫೋನು ಇರುತ್ತದೆ. ಅದು ಟವರಿನ ಜತೆ ಮಾತಾಡಿದಾಗಲೆಲ್ಲ ಯಂತ್ರ ಜಿಗಿಯುತ್ತದೆ. ಆ ಕ್ಷಣದ ಜಿಗಿತವನ್ನೇ ಜನ ಬರೆದುಕೊಳ್ಳುತ್ತಾರೆ. ಸುರಕ್ಷತೆಯ ಮಿತಿಗಳಾದರೋ ಹಲವು ನಿಮಿಷಗಳ ಸರಾಸರಿಗೆ ಕಟ್ಟಿದಂಥವು. 2022ರ ಅಕ್ಟೋಬರಿನಲ್ಲಿ ದೇಶದಲ್ಲಿ 5ಜಿ ಶುರುವಾಯಿತು. ಅದಕ್ಕೆ ಹರಾಜಾದ ಒಂದು ಮುಖ್ಯ ಪಟ್ಟಿ 3300ರಿಂದ 3670 ಮೆಗಾಹರ್ಟ್ಸ್. ಡಬ್ಬದ ಮೇಲೆ '2 ಗಿಗಾಹರ್ಟ್ಸ್ ತನಕ' ಎಂದು ಬರೆದ ಯಂತ್ರ ಇದನ್ನು ಸರಿಯಾಗಿ ಕಂಡೀತೆಂಬ ಭರವಸೆ ಇಲ್ಲ. ಹೀಗಾಗಿ ಅದು ಸುಮ್ಮನಿದ್ದರೂ ನಂಬುವಂತಿಲ್ಲ, ಕೂಗಿದರೂ ನಂಬುವಂತಿಲ್ಲ.

ಕೆಂಪು ದೀಪ ಹಚ್ಚಿದವರು ಯಾರು?

ಇಲ್ಲಿದೆ ಮುಖ್ಯ ಸಂಗತಿ. ಅಗ್ಗದ ಯಂತ್ರಗಳಲ್ಲಿ ಹಲವು 0.4 ಮೈಕ್ರೋಟೆಸ್ಲಾ ದಾಟಿದೊಡನೆ ಕೂಗುವಂತೆ ಮಾಡಿದಂಥವು. ಸುರಕ್ಷತೆಯ ಮಿತಿ ಹೇಳುವ ಅಂತಾರಾಷ್ಟ್ರೀಯ ಸಮಿತಿ ಐ.ಸಿ.ಎನ್.ಐ.ಆರ್.ಪಿ. 2010ರಲ್ಲಿ ಜನಸಾಮಾನ್ಯರಿಗೆ ಹೇಳಿದ ಮಿತಿ 200 ಮೈಕ್ರೋಟೆಸ್ಲಾ. ಒಂದಕ್ಕೆ ಐನೂರು ಪಟ್ಟು ವ್ಯತ್ಯಾಸ!

0.4 ಎಂಬುದು ಆಕಾಶದಿಂದ ಬಿದ್ದದ್ದಲ್ಲ. ದಿನವಿಡೀ ಸರಾಸರಿ ಅಷ್ಟು ಕಾಂತಕ್ಷೇತ್ರ ಇದ್ದ ಮನೆಗಳ ಮಕ್ಕಳಲ್ಲಿ ರಕ್ತದ ಕ್ಯಾನ್ಸರು ತುಸು ಹೆಚ್ಚು ಕಂಡಿತೆಂಬ ಲೆಕ್ಕಾಚಾರಗಳಿಂದ ಬಂದದ್ದು. ಕಾಂತಕ್ಷೇತ್ರವೇ ಕಾರಣವೆಂದು ಅದರಿಂದ ಸಾಬೀತಾಗಲಿಲ್ಲ, ಅದಕ್ಕೇ 2ಬಿ. ಆದರೆ ಅದು ಇಡೀ ದಿನದ ಸರಾಸರಿ ಎಂಬುದನ್ನು ಮರೆಯಬಾರದು. ಫ್ರಿಜ್ಜಿನ ಬೆನ್ನಿಗೆ ಯಂತ್ರ ಒತ್ತಿ ಹಿಡಿದಾಗ ಬಂದ ಅಂಕಿಯನ್ನು ಅದರ ಪಕ್ಕ ಇಡುವುದು ನ್ಯಾಯವಲ್ಲ. ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ಲೆಕ್ಕ ನೋಡಿ. ಕೂದಲು ಒಣಗಿಸುವ ಡ್ರೈಯರಿನಿಂದ 3 ಸೆಂಟಿಮೀಟರಿನಲ್ಲಿ 6ರಿಂದ 2000 ಮೈಕ್ರೋಟೆಸ್ಲಾ. ಒಂದು ಮೀಟರು ದೂರದಲ್ಲಿ 0.01ರಿಂದ 0.03. ಎರಡು ಹೆಜ್ಜೆ ಹಿಂದೆ ಸರಿದರೆ ಭೂತ ಮಾಯ.

ಭೂತದ ಮಾತು ಸುಮ್ಮನೆ ಆಡಿದ್ದಲ್ಲ. 'ಕೆ-2' ಎಂಬ ಐದು ದೀಪದ ಇಂಥದೇ ಒಂದು ಮೀಟರನ್ನು ಪರದೇಶದ ಟಿ.ವಿ.ಗಳಲ್ಲಿ ದೆವ್ವ ಹುಡುಕಲು ಬಳಸುತ್ತಾರೆ!

ಮಾಪನದ ಮಾನದಲ್ಲೂ ಮೋಸ ಹೋಗುವುದುಂಟು. ಕೇಂದ್ರ ಸರಕಾರ 2012ರ ಸೆಪ್ಟೆಂಬರ್ 1ರಿಂದ ಟವರುಗಳ ಮಿತಿಯನ್ನು ಅಂತಾರಾಷ್ಟ್ರೀಯ ಮಿತಿಯ ಹತ್ತರಲ್ಲೊಂದಕ್ಕೆ ಇಳಿಸಿತು. 900 ಮೆಗಾಹರ್ಟ್ಸಿಗೆ ಅದು ಚದರ ಮೀಟರಿಗೆ 0.45 ವ್ಯಾಟ್. ಯಂತ್ರ ತೋರಿಸುವುದು ಎಷ್ಟೋ ಸಲ ಮೈಕ್ರೋವ್ಯಾಟ್‌ನಲ್ಲಿ. ಅದರ ಮೇಲೆ 4,500 ಎಂದು ಬಂದರೆ ಯಾರಿಗಾದರೂ ಎದೆ ಝಲ್ ಎನ್ನುತ್ತದೆ. ಆದರೆ 0.45 ವ್ಯಾಟ್ ಎಂದರೆ 4,50,000 ಮೈಕ್ರೋವ್ಯಾಟ್. 4,500 ಅದರ ನೂರರಲ್ಲಿ ಒಂದು ಪಾಲು. ಪೈಸೆಯ ಲೆಕ್ಕವನ್ನು ರೂಪಾಯಿ ಎಂದು ಓದಿ ದಿವಾಳಿ ಎಂದು ಅತ್ತ ಹಾಗಾಯಿತು.

ಹಾಗಾದರೆ ಯಂತ್ರ ದಂಡವೇ?

ಅಲ್ಲ. ಅದು ಮೂಸುವ ನಾಯಿ, ತೀರ್ಪು ಕೊಡುವ ಜಡ್ಜು ಅಲ್ಲ. ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂದು ಹೋಲಿಸಿ ನೋಡಲು ಸಾಕು. ಕರೆಂಟಿನ ಬೋರ್ಡಿರುವ ಗೋಡೆಗೆ ಕೂಸಿನ ತಲೆದಿಂಬು ಆನಿಸಿದ್ದರೆ ಎರಡಡಿ ಈಚೆ ಎಳೆಯಿರಿ, ಕಾಸು ಖರ್ಚಿಲ್ಲ. ಎಲ್ಲ ಸ್ವಿಚ್ಚು ಆರಿಸಿದರೂ ಒಂದು ಗೋಡೆಯ ಬಳಿ ಕಾಂತಕ್ಷೇತ್ರದ ಅಂಕಿ ಇಳಿಯದಿದ್ದರೆ ನ್ಯೂಟ್ರಲ್ಲು, ಅರ್ಥಿಂಗು ಕೂಡಿಕೊಂಡಿರಬಹುದು. ನುರಿತ ಎಲೆಕ್ಟ್ರಿಶಿಯನ್ನನ್ನು ಕರೆಸಿ. ಅದರಿಂದ ಶಾಕು, ಬೆಂಕಿ ತಪ್ಪೀತು. ವಾಸ್ತುವಿನವನ ಚಿಪ್ಪು ಅಂಟಿಸಿದ ಮೇಲೂ ಅದೇ ಜಾಗದಲ್ಲಿ, ಅದೇ ದಿಕ್ಕಿಗೆ, ಅದೇ ಹೊತ್ತಿನಲ್ಲಿ ಹಿಡಿದು ನೋಡಿ. ಅವನ ಯಂತ್ರದಿಂದಲೇ ಅವನ ಬಣ್ಣ ಬಯಲು ಮಾಡಬಹುದು.

ಟವರಿನ ಬಗ್ಗೆ ಎರಡು ಮಾತು. ಅದರ ಆಂಟೆನಾ ತರಂಗವನ್ನು ಹೆಚ್ಚಾಗಿ ಅಡ್ಡಕ್ಕೆ ಎಸೆಯುತ್ತದೆ, ಕೆಳಕ್ಕಲ್ಲ. ಆದ್ದರಿಂದ ಟವರು ಹೊತ್ತ ಮನೆಗಿಂತ ಅದೇ ಎತ್ತರದಲ್ಲಿ ಎದುರಾಗಿರುವ ಮಹಡಿಗೆ ಹೆಚ್ಚು ಬೀಳಬಹುದು. ಎದುರು ಮನೆಯವರ ಪ್ರಶ್ನೆ ನ್ಯಾಯವಾದದ್ದೇ. ಹಾಗೆಯೇ, ಟವರು ದೂರ ಹೋಗಿ ಸಿಗ್ನಲ್ಲು ಕುಗ್ಗಿದರೆ ಕಿವಿಗೆ ಒತ್ತಿಕೊಂಡ ಫೋನೇ ಹೆಚ್ಚು ಶಕ್ತಿ ಸುರಿಯುತ್ತದೆ. ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇನ್ನು ಯಂತ್ರವೇ ಬೇಡದ ಅಪಾಯ ಒಂದಿದೆ. 11 ಕೆ.ವಿ. ತಂತಿಗೂ ಕಟ್ಟಡಕ್ಕೂ ಅಡ್ಡ ಅಂತರ ಕನಿಷ್ಠ 1.2 ಮೀಟರು, ಅಂದರೆ ನಾಲ್ಕಡಿ ಇರಬೇಕೆಂದು ನಿಯಮ. ಹಳೇ ಪೇಟೆಯ ಸಂದಿಗಳಲ್ಲಿ ಬಾಲ್ಕನಿಯಿಂದ ಕೈ ಚಾಚಿದರೆ ತಂತಿ ಸಿಗುವ ಮನೆಗಳಿಲ್ಲವೆ? ಬೇಲಿ ಕಿತ್ತುಹೋದ ಟಿ.ಸಿ. ಪಕ್ಕದಲ್ಲಿ ಮಕ್ಕಳು ಗೋಲಿ ಆಡುವುದನ್ನು ನೋಡಿಲ್ಲವೆ? ಅದನ್ನು ಅಳೆಯಲು ದರ್ಜಿಯ ಟೇಪು ಸಾಕು. ಅಲ್ಲಿ 'ಇದ್ದೀತು', 'ಆದೀತು' ಎಂಬ ಮಾತಿಲ್ಲ, ಮುಟ್ಟಿದರೆ ಹೆಣ. ಆದರೆ ಕೆಂಪು ದೀಪ ಹತ್ತುವುದಿಲ್ಲವಾದ್ದರಿಂದ ಯಾರೂ ಗದ್ದಲ ಮಾಡುವುದಿಲ್ಲ.

ಆಗಬೇಕಾದ್ದು ಏನು?

ಜನ ಅಗ್ಗದ ಯಂತ್ರ ಕೊಳ್ಳುವುದು ಹುಚ್ಚಿನಿಂದಲ್ಲ, ಮುದ್ರೆಯುಳ್ಳ ಯಂತ್ರ ಹಿಡಿದವರು ಬೀದಿಗೆ ಬರುವುದಿಲ್ಲವಾದ್ದರಿಂದ. ಕೇಂದ್ರ ದೂರಸಂಪರ್ಕ ಇಲಾಖೆ 2017ರ ಮೇ ತಿಂಗಳಲ್ಲಿ 'ತರಂಗ್ ಸಂಚಾರ್' ಎಂಬ ಏರ್ಪಾಟು ತೆರೆಯಿತು. ಯಾರು ಬೇಕಾದರೂ ದುಡ್ಡು ಕಟ್ಟಿ ತಮ್ಮ ಜಾಗದಲ್ಲಿ ಇಲಾಖೆಯಿಂದಲೇ ಅಳತೆ ಮಾಡಿಸಬಹುದು. ಆಗ ಗೊತ್ತು ಮಾಡಿದ ಶುಲ್ಕ 4,000 ರೂಪಾಯಿ. ಒಳ್ಳೆಯ ಏರ್ಪಾಟು, ಸಂಶಯವಿಲ್ಲ. ಆದರೆ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಸಂಸಾರ ಅಷ್ಟು ದುಡ್ಡು ಎಲ್ಲಿಂದ ತರಬೇಕು? ಎರಡು ಸಾವಿರದ ಯಂತ್ರ ಅಗ್ಗವೆನಿಸುವುದು ಇಲ್ಲೇ.

ಮಹಾನಗರ ಪಾಲಿಕೆ ಮಾಡಬೇಕಾದ ಕೆಲಸ ಸಣ್ಣದು. ಹತ್ತು ಮನೆಯವರು ಸಹಿ ಹಾಕಿ ಅರ್ಜಿ ಕೊಟ್ಟರೆ ಆ ಶುಲ್ಕ ಪಾಲಿಕೆಯೇ ಕಟ್ಟಲಿ. ಅಳತೆ ಹಾಡುಹಗಲು, ಎರಡೂ ಪಾರ್ಟಿಯವರ ಎದುರು ನಡೆಯಲಿ. ಬಂದ ಅಂಕಿ, ಸರಕಾರದ ಮಿತಿ ಎರಡನ್ನೂ ಒಂದೇ ಮಾನದಲ್ಲಿ, ಕನ್ನಡದಲ್ಲಿ ಬರೆದು ವಾರ್ಡು ಕಚೇರಿಯ ಬೋರ್ಡಿಗೆ ಹಚ್ಚಲಿ. ಮಿತಿ ಮೀರಿದ್ದರೆ ಕಂಪನಿಯ ಮೇಲೆ ಕ್ರಮ, ಮೀರದಿದ್ದರೆ ಆ ತಾಯಿಯ ಮೇಲಿನ ಗೂಬೆ ಇಳಿಯುತ್ತದೆ. ಬೆಸ್ಕಾಂನವರು ಅದೇ ಹೊತ್ತಿಗೆ ಟೇಪು ಹಿಡಿದು ತಂತಿಗಳ ಅಂತರವನ್ನೂ ಅಳೆದು ಹೋಗಲಿ.

ಅಲ್ಲಿಯತನಕ ಓದುಗರಲ್ಲಿ ಒಂದು ಅರಿಕೆ. ಕೀಂ ಎಂದು ಕೂಗಿದ ಡಬ್ಬಿಯ ಮಾತು ಕೇಳಿ ಬಾಡಿಗೆ ಮನೆ ಬಿಡಬೇಡಿ, ನೆರೆಹೊರೆ ಕಳೆದುಕೊಳ್ಳಬೇಡಿ. ಅಳತೆ ಬೇಕೆಂದು ಅರ್ಜಿ ಬರೆಯಿರಿ, ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ.

ಪಾಲಿಕೆ ಆಯುಕ್ತರು, ಜಿಲ್ಲಾಧಿಕಾರಿಗಳು ಗಮನಿಸುವರೇ?