ಪೊಟ್ಯಾಷ್ ಚೀಲದ ಲೆಕ್ಕ ರೈತನಿಗೂ ತಿಳಿಯಲಿ



ತಕ್ಕಡಿ ಯಾರ ಕೈಲಿದೆಯೋ ಲಾಭ ಅವನ ಕಡೆ. ಸಂತೆ ಕಂಡ ಯಾವ ರೈತನಿಗೂ ಇದನ್ನು ಹೇಳಿಕೊಡಬೇಕಾಗಿಲ್ಲ. ಮಂಡಿಯಲ್ಲಿ ಎರಡು ಕೆ.ಜಿ. ಸೂಟು ಕಳೆದರೆ ಜಗಳಕ್ಕೆ ನಿಲ್ಲುವ ನಾವು, ಗೊಬ್ಬರದ ಅಂಗಡಿಯಲ್ಲಿ ಮಾತ್ರ ಚೀಲ ಎಣಿಸಿ ಗಾಡಿಗೆ ಹಾಕಿಕೊಂಡು ಬರುತ್ತೇವೆ. ಒಳಗೆ ಸತ್ವ ಎಷ್ಟಿದೆ ಅಂತ ಕೇಳೋದಿಲ್ಲ. ಸಾಲ ಬೆಳೆಯೋದು ಅಲ್ಲಿಂದಲೇ.

ಪೊಟ್ಯಾಷ್ ಚೀಲವನ್ನೇ ನೋಡಿ. ನಾವು ಎಂಒಪಿ ಅನ್ನೋದು ಪೊಟ್ಯಾಸಿಯಂ ಕ್ಲೋರೈಡ್ ಎಂಬ ಉಪ್ಪು. ಚೀಲದ ಮೇಲೆ 60 ಅಂತ ಅಚ್ಚಾಗಿರುತ್ತೆ. ಅದು ಪೊಟ್ಯಾಸಿಯಂ ಅಲ್ಲ, ‘ಕೆ-ಟು-ಓ’, ಅಂದರೆ ಪೊಟ್ಯಾಸಿಯಂ ಆಕ್ಸೈಡ್ ಲೆಕ್ಕ. ತಮಾಷೆ ಏನೆಂದರೆ ಆ ಆಕ್ಸೈಡ್ ಚೀಲದಲ್ಲಿ ಒಂದು ಚಿಟಿಕೆಯೂ ಇಲ್ಲ! ಹತ್ತೊಂಬತ್ತನೇ ಶತಮಾನದ ರಸಾಯನ ಪಂಡಿತರು ಗಿಡ ಸುಟ್ಟು, ಬೂದಿ ಪರೀಕ್ಷಿಸಿ, ಫಲಿತಾಂಶವನ್ನು ಆಕ್ಸೈಡ್ ರೂಪದಲ್ಲಿ ಬರೆದಿಟ್ಟರು. ಆ ಪದ್ಧತಿ ಇಂದಿಗೂ ಉಳಿದಿದೆ. 100 ಕೆ.ಜಿ. ಕೆ-ಟು-ಓ ಎಂದರೆ 83 ಕೆ.ಜಿ. ಪೊಟ್ಯಾಸಿಯಂ. ಹಾಗಾಗಿ 50 ಕೆ.ಜಿ. ಚೀಲದಲ್ಲಿ ಕೆ-ಟು-ಓ ಲೆಕ್ಕದಲ್ಲಿ 30 ಕೆ.ಜಿ., ನಿಜವಾದ ಪೊಟ್ಯಾಸಿಯಂ ಸುಮಾರು 25 ಕೆ.ಜಿ. ಇದೇ ಗೊಬ್ಬರವನ್ನು ಆಸ್ಟ್ರೇಲಿಯಾದಲ್ಲಿ 60 ಅನ್ನದೆ 50 ಅಂತಲೇ ಬರೆಯುತ್ತಾರೆ.

ಇದು ಮೋಸ ಅಂತ ನಾನು ಹೇಳುತ್ತಿಲ್ಲ. ಕಾನೂನೇ ಹಾಗೆ ಬರೆಯಲು ಹೇಳಿದೆ. ನನ್ನ ತಕರಾರು ಬೇರೆ. ಚೀಲಕ್ಕೊಂದು ಅಳತೆ, ಮಣ್ಣಿಗೊಂದು ಅಳತೆ ಆದರೆ ರೈತ ಏನು ಮಾಡಬೇಕು?

ಮಣ್ಣು ಪರೀಕ್ಷಾಲಯದಲ್ಲಿ ಮಣ್ಣನ್ನು ಅಮೋನಿಯಂ ಅಸಿಟೇಟ್ ದ್ರಾವಣದಲ್ಲಿ ಕಲಕಿ ಸೋಸುತ್ತಾರೆ. ಆ ನೀರನ್ನು ಫ್ಲೇಮ್ ಫೋಟೋಮೀಟರ್ ಎಂಬ ಯಂತ್ರದ ಜ್ವಾಲೆಗೆ ಬಿಟ್ಟು, ಬೆಳಕು ಎಷ್ಟು ಹೊಮ್ಮಿತು ಅಂತ ಅಳೆಯುತ್ತಾರೆ. ಯಂತ್ರ ಅಳೆಯೋದು ಪೊಟ್ಯಾಸಿಯಂ, ಅದನ್ನು 1.2ರಿಂದ ಗುಣಿಸಿದರೆ ಕೆ-ಟು-ಓ. ಚೀಟಿಯಲ್ಲಿ ಬರೀ 120 ಅಂತಿದ್ದರೆ ಅದು ಯಾವುದು? ಪೊಟ್ಯಾಸಿಯಂ 120 ಆದರೆ ಕೆ-ಟು-ಓ 145. ಗಡಿಯಲ್ಲಿರುವ ಹೊಲ ಒಂದು ಲೆಕ್ಕದಲ್ಲಿ ‘ಕಡಿಮೆ’, ಇನ್ನೊಂದರಲ್ಲಿ ‘ಮಧ್ಯಮ’. ಅದಕ್ಕೆ ತಕ್ಕಂತೆ ಗೊಬ್ಬರವೂ ಬದಲು, ಸಾಲವೂ ಬದಲು. ಸಾಲದ್ದಕ್ಕೆ ಶಿಫಾರಸು ಹೆಕ್ಟೇರಿಗೆ, ನಮ್ಮ ಲೆಕ್ಕ ಎಕರೆಗೆ. ಹೆಕ್ಟೇರಿಗೆ 50 ಕೆ.ಜಿ. ಪೊಟ್ಯಾಷ್ ಅಂದರೆ ಎಕರೆಗೆ 20. ಎಂಒಪಿ ತೂಕದಲ್ಲಿ 33 ಕೆ.ಜಿ. ಇದನ್ನು ಯಾರು ಬಿಡಿಸಿ ಹೇಳುತ್ತಾರೆ ಸ್ವಾಮಿ?

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದರೆ ಪೊಟ್ಯಾಸಿಯಂ ಅನ್ನು ಪೊಟ್ಯಾಸಿಯಂ ಅಂತಲೇ ಬರೆಯುತ್ತಾರೆ. ಲೀಟರಿಗೆ ಮೂರೂವರೆಯಿಂದ ಐದು ಮಿಲಿಮೋಲ್ ಇರಬೇಕು, ಹೆಚ್ಚಾದರೆ ಹೃದಯಕ್ಕೇ ಅಪಾಯ. ಕಿಡ್ನಿ ಕೆಟ್ಟವರಿಗೆ ಡಾಕ್ಟರು ಎಳನೀರು ಬೇಡ ಅನ್ನೋದು ಅದಕ್ಕೇ. ಚೀಟಿಯಲ್ಲಿ ಅಂಕಿಯ ಪಕ್ಕದಲ್ಲೇ ಎಷ್ಟಿದ್ದರೆ ಸರಿ ಅಂತಲೂ ಅಚ್ಚಾಗಿರುತ್ತೆ. ರಕ್ತದ ಚೀಟಿಗೆ ಇರುವ ಸ್ಪಷ್ಟತೆ ಮಣ್ಣಿನ ಚೀಟಿಗೆ ಯಾಕಿಲ್ಲ?

ಈಗ ದುಡ್ಡಿನ ಮಾತು. ನಮ್ಮ ದೇಶದಲ್ಲಿ ಎಂಒಪಿಯ ಗಣಿ ನಡೆಯುತ್ತಿಲ್ಲ. ಕೆನಡಾ, ರಷ್ಯಾ, ಜೋರ್ಡಾನ್, ಇಸ್ರೇಲಿನಂಥ ದೇಶಗಳಿಂದ ಬರಬೇಕು. 1992ರಲ್ಲಿ ಸರ್ಕಾರ ಇದರ ಬೆಲೆಯ ಮೇಲಿನ ಹಿಡಿತ ಬಿಟ್ಟಿತು. 2010ರಿಂದ ಸಬ್ಸಿಡಿ ಚೀಲಕ್ಕಲ್ಲ, ಒಳಗಿನ ಸತ್ವದ ಕೆ.ಜಿ.ಗೆ. 2023ರ ಮುಂಗಾರಿಗೆ ಪೊಟ್ಯಾಷ್ ಕೆ.ಜಿ.ಗೆ 15 ರೂಪಾಯಿ 91 ಪೈಸೆ ಇತ್ತು; ಅದೇ ವರ್ಷದ ಹಿಂಗಾರಿಗೆ 2 ರೂಪಾಯಿ 38 ಪೈಸೆಗೆ ಇಳಿಸಿದರು. ಹದಿಮೂರೂವರೆ ರೂಪಾಯಿ ತಾನೇ ಅನ್ನಿಸುತ್ತೆ. ಚೀಲದ 30 ಕೆ.ಜಿ.ಗೆ ಗುಣಿಸಿ ನೋಡಿ: 406 ರೂಪಾಯಿ! ಹೊರದೇಶದ ಬೆಲೆ ನೋಡಿ ಇಳಿಸಿದೆವು ಅಂತಾರೆ. ಅಂಗಡಿಯಲ್ಲಿ ಎಷ್ಟು ಇಳಿಯಿತು ಅಂತ ನಿಮ್ಮ ರಸೀದಿಯನ್ನೇ ಕೇಳಿ.

ಚೀಲ ಚೀಲಕ್ಕೂ ವ್ಯತ್ಯಾಸವಿದೆ. ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ತೆಗೆದ ಪೊಟ್ಯಾಷ್ ಗೊಬ್ಬರದಲ್ಲಿ ಕೆ-ಟು-ಓ ಶೇಕಡ 14.5, 50 ಕೆ.ಜಿ.ಗೆ ಏಳೂಕಾಲು ಕೆ.ಜಿ. ಅಷ್ಟೆ. ಅಂಥ ನಾಲ್ಕು ಚೀಲ ಸೇರಿದರೂ ಒಂದು ಎಂಒಪಿಗೆ ಸಮ ಆಗೋದಿಲ್ಲ. 17:17:17ರ ಚೀಲದಲ್ಲಿ ಎಂಟೂವರೆ ಕೆ.ಜಿ. ಗೊಬ್ಬರ ಕೆಟ್ಟದ್ದು ಅಂತಲ್ಲ. ಚೀಲದ ಬೆಲೆ ನೋಡಬೇಡಿ, ಸತ್ವದ ಕೆ.ಜಿ.ಗೆ ಎಷ್ಟು ಬಿತ್ತು ನೋಡಿ. ಎರೆ ಭೂಮಿಯಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಹೆಚ್ಚು. ಕರಾವಳಿ, ಮಲೆನಾಡಿನ ಜಂಬಿಟ್ಟಿಗೆ ಮಣ್ಣಿನಲ್ಲಿ ಕಡಿಮೆ. ಪಕ್ಕದವನು ಹಾಕಿದ ಅಂತ ಸಾಲ ತಂದು ಸುರಿಯೋದು ಬೇಸಾಯವಲ್ಲ.

ನಾವು ಕೇಳಬೇಕಾದ್ದು ಮೂರೇ. ಮಣ್ಣಿನ ಚೀಟಿ, ಶಿಫಾರಸು, ಚೀಲ ಮೂರಕ್ಕೂ ಒಂದೇ ಅಳತೆ ಬರಲಿ. ಶಿಫಾರಸು ಎಕರೆಗೆ ಎಷ್ಟು ಕೆ.ಜಿ. ಗೊಬ್ಬರ ಅಂತ ಕನ್ನಡದಲ್ಲಿರಲಿ. ಪ್ರತಿ ಚೀಲದ ಮೇಲೆ ಸತ್ವ ಎಷ್ಟು ಕೆ.ಜಿ., ಕೆ.ಜಿ.ಗೆ ಎಷ್ಟು ರೂಪಾಯಿ ಅಂತ ದಪ್ಪ ಅಕ್ಷರದಲ್ಲಿ ಅಚ್ಚಾಗಲಿ.

ಅಲ್ಲಿಯವರೆಗೆ ಪೆನ್ಸಿಲ್ ಹಿಡಿದು ನಾವೇ ಗುಣಿಸೋಣ. ಬೆಳೆಗೆ ನ್ಯಾಯವಾದ ಬೆಲೆ ಕೇಳುವ ರೈತ, ಕೊಳ್ಳುವ ವಸ್ತುವಿನ ನ್ಯಾಯವಾದ ಅಳತೆಯನ್ನೂ ಕೇಳಲೇಬೇಕು.